ಬೂದಿಯಲ್ಲಿ ಉಳಿದ ಹುರುಳಿ

ಹುರುಳಿ ಹುರಿಯುವಾಗ ಒಂದೆರಡು ಕಾಳು ಸಿಡಿದು ಒಲೆಗೆ ಬೀಳುತ್ತವೆ. ಕೆಂಡದ ಮೇಲೆ ಬಿದ್ದದ್ದು ಉರಿದು ಬೂದಿಯಾಗುತ್ತದೆ. ಗಾಳಿಯಾಡದ ಬೂದಿಯೊಳಗೆ ಹೂತುಕೊಂಡದ್ದು ಮಾತ್ರ ಕರಿಕಾಗಿ ಇದ್ದಿಲಾಗುತ್ತದೆ. ಕಾಳಿನ ಆಕಾರ ಹಾಗೇ ಉಳಿದಿರುತ್ತದೆ, ಸತ್ವ ಹೋಗಿರುತ್ತದೆ. ಹಾಗಾಗಿ ಅದನ್ನು ಇರುವೆ ಮುಟ್ಟುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಒಲೆ ಬಳಿದ ಬೂದಿಯ ಜೊತೆ ತಿಪ್ಪೆ ಸೇರಿದ ಆ ಕಾಳು ಮೂರು ನಾಲ್ಕು ಸಾವಿರ ವರ್ಷ ಮಣ್ಣಿನಲ್ಲಿ ಇರಬಲ್ಲದು. ಹಿಂದಿನವರು ಏನು ಉಣ್ಣುತ್ತಿದ್ದರು ಎಂಬುದು ಪುರಾತತ್ವದವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಕರಿಕಾದ ಕಾಳಿನ ವಿಷಯವನ್ನೇ.

ಮಣ್ಣಿನಿಂದ ಅದನ್ನು ಬೇರೆ ಮಾಡುವ ಉಪಾಯ ನಮ್ಮ ಅಡುಗೆಮನೆಗೆ ಹೊಸದಲ್ಲ. ಅಕ್ಕಿ ಗಾಳಿಸುವಾಗ ಕಲ್ಲು ತಳದಲ್ಲಿ ಉಳಿದು ಅಕ್ಕಿ ನೀರಿನ ಜೊತೆ ಹೊರಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಅಗೆದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿದರೆ ಹಗುರಾದ ಇದ್ದಿಲು ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಳು ಆರಿಸುತ್ತಾರೆ. ತಾಳ್ಮೆ ಬೇಡುವ ಕೆಲಸ. ಬಳ್ಳಾರಿ ಪಕ್ಕದ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್, ಪಿ. ಸಿ. ವೆಂಕಟಸುಬ್ಬಯ್ಯ ಇವರೆಲ್ಲ ಹೀಗೆ ಮಣ್ಣು ತೊಳೆದರು. ಕ್ರಿಸ್ತಪೂರ್ವ 2000ದಿಂದ ಈಚಿನ ಆ ಊರುಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ, ಜೊತೆಗೆ ನವಣೆಯ ಬಳಗದ ಒಂದು ಹುಲ್ಲಿನ ಬೀಜ. ಕೆಲವು ಕಡೆ ಅಲ್ಪಸ್ವಲ್ಪ ಗೋಧಿ, ಜವೆಗೋಧಿ. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆ ಈಗಲೂ ಬೆಳೆಯುತ್ತಾರೆ ಎಂಬುದು ನನಗೆ ತುಂಬ ಸಂತೋಷದ ಸಂಗತಿ.

ರಾಗಿ ಎಲ್ಲಿ ಎಂದು ನೀವು ಕೇಳುತ್ತೀರಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಅದು ನಮ್ಮಲ್ಲಿಗೆ ಬಂದದ್ದು ಆಮೇಲೆ. ನಮ್ಮ ಹಳೆಯ ನೆಲೆಗಳಲ್ಲಿ ರಾಗಿ ಸಿಕ್ಕಿತೆಂದು ಮೊದಲು ಬಂದ ವರದಿಗಳಲ್ಲಿ ಹಲವನ್ನು ಮರುಪರೀಕ್ಷೆ ಮಾಡಿದಾಗ ಕಾಳುಗಳು ಬೇರೆ ಕಿರುಧಾನ್ಯದವು ಎಂದು ತಿಳಿಯಿತು. ಸುಟ್ಟು ಉಬ್ಬಿ ಸಿಪ್ಪೆ ಕಳೆದುಕೊಂಡ ಸಣ್ಣ ಕಾಳುಗಳು ಒಂದನ್ನೊಂದು ಹೋಲುತ್ತವೆ. ಹೊಸದಾಗಿ ಕಲಿಯುವವರು ಈ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳಬೇಕು. ಮುದ್ದೆಯ ನಾಡಿನವರಾದ ನಮಗೆ ಆ ಕಾಳು ರಾಗಿಯೇ ಆಗಿರಲಿ ಎಂಬ ಆಸೆ ಇರುವುದು ಸಹಜ, ಆದರೆ ಕಾಳಿನ ಮೈಮೇಲಿನ ಗುರುತು ನೋಡಿಯೇ ಹೇಳಬೇಕು.

ಸೊಪ್ಪು, ಗೆಡ್ಡೆ, ಹಾಲು, ಮಾಂಸ ಹೀಗೆ ಕಾಳಿನಂತೆ ಉಳಿಯುವುದಿಲ್ಲ. ಅವಕ್ಕೆ ಬೇರೆ ಸಾಕ್ಷಿ ಹುಡುಕಬೇಕು. ಹಂಪಿಯ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಇಂಥ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳು ಎಂದು ಅಗೆತದಿಂದ ಗೊತ್ತಾಯಿತು, ಎಫ್. ಆರ್. ಆಲ್ಚಿನ್ ಉತ್ನೂರಿನಲ್ಲಿ ಅಗೆದು ದನದ ದೊಡ್ಡಿಯ ಬೇಲಿಗೂಟದ ಗುಳಿಗಳನ್ನೂ ಗೊರಸಿನ ಗುರುತುಗಳನ್ನೂ ಕಂಡರು. ಸುರಪುರದ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರಿಗೆ ದನ ಕೊಯ್ದು ಹಸನು ಮಾಡುತ್ತಿದ್ದ ನೆಲವೇ ಸಿಕ್ಕಿತು.

ಇಷ್ಟಾದರೂ ನಮಗೆ ತಿಳಿದದ್ದು ಊರಿನಲ್ಲಿ ಏನಿತ್ತು ಎಂಬುದು ಮಾತ್ರ. ಯಾರ ತಟ್ಟೆಗೆ ಏನು ಬಿತ್ತು ಎಂದು ತಿಳಿಯಲು ಅವರ ಹಲ್ಲು, ಮೂಳೆಗಳನ್ನೇ ಕೇಳಬೇಕು. ಇಂಗಾಲದ ಪರಮಾಣುಗಳಲ್ಲಿ ಬಹುಪಾಲು 12 ತೂಕದವು, ನೂರರಲ್ಲಿ ಸುಮಾರು ಒಂದು 13 ತೂಕದ್ದು. ಜೋಳ, ಸಜ್ಜೆ, ರಾಗಿ, ಕೊರಲೆಯಂಥ ಬೆಳೆಗಳಲ್ಲಿ ಅಕ್ಕಿ, ಗೋಧಿ, ಬೇಳೆಕಾಳುಗಳಿಗಿಂತ ಈ ಭಾರದ ಇಂಗಾಲದ ಪಾಲು ತುಸು ಹೆಚ್ಚು. ಉಂಡದ್ದೇ ಮೈಯಾಗುವುದರಿಂದ ಆ ವ್ಯತ್ಯಾಸ ಉಂಡವರ ಮೂಳೆಯಲ್ಲೂ ಹಲ್ಲಿನಲ್ಲೂ ಉಳಿಯುತ್ತದೆ. ಆದರೆ ದುಡುಕಬಾರದು. ನಮ್ಮ ಬಯಲುಸೀಮೆಯ ಹುಲ್ಲುಗಳಲ್ಲಿ ಬಹಳಷ್ಟು ಜೋಳದ ಗುಂಪಿಗೇ ಸೇರುತ್ತವೆ. ಆ ಹುಲ್ಲು ಮೇಯ್ದ ಹಸುವಿನ ಹಾಲು ಕುಡಿದವರ ಮೂಳೆಯೂ ಜೋಳ ಉಂಡವರ ಮೂಳೆಯಂತೆ ಕಾಣಬಹುದು. ಸಾಲದೆಂಬಂತೆ, ನಮ್ಮ ಸೆಕೆಗೆ ಮೂಳೆಯ ಕೊಲಾಜೆನ್ ಬೇಗ ಹಾಳಾಗುತ್ತದೆ. ಆಗ ಹೆಚ್ಚು ಗಟ್ಟಿಯಾದ ಹಲ್ಲಿನ ಎನಾಮಲ್ಲೇ ಗತಿ.

ಎನಾಮಲ್ ಬಾಲ್ಯದಲ್ಲಿ ಪದರ ಪದರವಾಗಿ ಬೆಳೆದು ನಿಂತುಬಿಡುತ್ತದೆ, ಮೂಳೆಯ ಹಾಗೆ ಮತ್ತೆ ಹೊಸದಾಗುವುದಿಲ್ಲ. ಮಗುವಿಗೆ ಜೋರು ಜ್ವರ ಬಂದರೆ, ಹೊಟ್ಟೆಗಿಲ್ಲದೆ ಸೊರಗಿದರೆ ಆ ಬೆಳವಣಿಗೆ ಕುಂಟುತ್ತದೆ. ಹಲ್ಲಿನ ಮೇಲೆ ಅಡ್ಡಗೆರೆಯೋ ಕುಳಿಯೋ ಉಳಿಯುತ್ತದೆ. ಮಹಾರಾಷ್ಟ್ರದ ಘೋಡ್ ನದಿಯ ದಡದ ಇನಾಮ್‌ಗಾಂವ್‌ನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಗೆದರು. ಅಲ್ಲಿ ತೀರಿಕೊಂಡ ಎಳೆಯ ಮಕ್ಕಳನ್ನು ಎರಡು ಮಡಕೆಗಳೊಳಗಿಟ್ಟು, ಬಾಯಿಗೆ ಬಾಯಿ ಸೇರಿಸಿ, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮಗುವನ್ನು ಮನೆಯಿಂದಾಚೆ ಕಳಿಸಲು ಮನಸ್ಸು ಬಾರದೆ ಹಾಗೆ ಮಾಡಿದರೇನೋ ಎಂದು ನನಗನ್ನಿಸುತ್ತದೆ. ಆ ಮಕ್ಕಳ ಹಾಲುಹಲ್ಲುಗಳನ್ನು ಜಾನ್ ಲುಕಾಕ್ಸ್, ಸುಭಾಷ್ ವಾಳಿಂಬೆ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಗೆರೆ ಇದ್ದ ಮಗು ರೋಗಿಷ್ಠ, ಇಲ್ಲದ್ದು ಗಟ್ಟಿಮುಟ್ಟು ಎಂದು ಓದಿಬಿಡುವ ತಪ್ಪು ಎಲ್ಲರೂ ಮಾಡುತ್ತಾರೆ. ಗೆರೆ ಮೂಡಬೇಕಾದರೆ ಮಗು ಆ ಕಾಯಿಲೆಯನ್ನು ದಾಟಿ ಬದುಕಿರಬೇಕು. ಎರಡೇ ದಿನದ ಜ್ವರಕ್ಕೆ ಹೋದ ಮಗುವಿನ ಹಲ್ಲು ನುಣ್ಣಗೇ ಇರುತ್ತದೆ. 1992ರಲ್ಲಿ ಜೇಮ್ಸ್ ವುಡ್ ಮತ್ತು ಸಂಗಡಿಗರು ಈ ತೊಡಕನ್ನು ಬಿಡಿಸಿ ಬರೆದ ಮೇಲೆ ಒಂದೇ ಗುರುತನ್ನು ನಂಬಿ ಆರೋಗ್ಯದ ತೀರ್ಪು ಕೊಡುವುದು ಕಷ್ಟವಾಯಿತು. ಆದ್ದರಿಂದ ಹಲ್ಲನ್ನು ಮೂಳೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಲ್ಲು ಎಷ್ಟು ಮೂಡಿದೆ ಎಂಬುದರಿಂದ ಮಗುವಿನ ವಯಸ್ಸು, ತೊಡೆಮೂಳೆಯ ಅಳತೆಯಿಂದ ಅದರ ಬೆಳವಣಿಗೆ ತಿಳಿಯುತ್ತದೆ. ಹಲ್ಲು ಎರಡು ವರ್ಷ ಎನ್ನುವಾಗ ಮೂಳೆ ಒಂದು ವರ್ಷದ್ದರಂತಿದ್ದರೆ ಆ ಮಗು ಬಹುಕಾಲ ಸೊರಗಿತ್ತು ಎಂದರ್ಥ. ಗ್ವೆನ್ ರಾಬಿನ್ಸ್ ಶುಗ್ ಹೀಗೆ ಅಳೆದಾಗ ಇನಾಮ್‌ಗಾಂವ್‌ನ ಕೊನೆಯ ಘಟ್ಟದ ಮಕ್ಕಳ ಬೆಳವಣಿಗೆ ಕುಂಠಿತವಾಗಿದ್ದದ್ದು ಕಂಡಿತು. ಅದೇ ಘಟ್ಟದ ಮಣ್ಣಿನಲ್ಲಿ ಅಗೆದವರಿಗೆ ಕಂಡದ್ದು ಸೊರಗಿದ ಬೇಸಾಯ, ಹೆಚ್ಚಿದ ಬೇಟೆ.