ಹಳ್ಳ ಮತ್ತು ರೈಲುಹಳಿಯ ಮೇಲೆ ಹೊಸ ಸೇತುವೆ

ಹಳೆಯ ಸೇತುವೆಯನ್ನು ಕೆಡವಿ ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟುವುದು ಬಯಲಿನಲ್ಲಿ ಕಟ್ಟುವುದಕ್ಕಿಂತ ಕಠಿಣವಾದ ಕಾರ್ಯ. ರಸ್ತೆ, ಹಳಿ, ಮನೆಗಳು ಆಗಲೇ ನೆಲೆಗೊಂಡಿರುತ್ತವೆ. ಹೊಸ ಸೇತುವೆಯೇ ಅವುಗಳಿಗೆ ಹೊಂದಿಕೊಳ್ಳಬೇಕು. ಈ ಪಾಠವನ್ನು ಮಹಾರಾಷ್ಟ್ರದ ಎರಡು ನಿದರ್ಶನಗಳಿಂದ ಆರಂಭಿಸುವುದು ಉಚಿತ. ಮಕ್ಕಳು ಮರಾಠಿಯ ‘ಪೂಲ’ ಎಂಬ ಮಾತನ್ನೇ ಮೊದಲು ಆಡಿದರೆ ಶಿಕ್ಷಕರು ತಡೆಯಬೇಕಾಗಿಲ್ಲ. ‘ಸೇತುವೆ’ಯನ್ನು ಅದರ ಪಕ್ಕದಲ್ಲಿ ಕಪ್ಪುಹಲಗೆಯ ಮೇಲೆ ಬರೆದರೆ ಸಾಕು.

2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಪ್ರವಾಹದಲ್ಲಿ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಕುಸಿಯಿತು. ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರೊಡನೆ ಕೊಚ್ಚಿಹೋದವು. ಮುಂದಿನ ವರ್ಷದ ಜೂನ್ ತಿಂಗಳಿನಲ್ಲಿ ಅಲ್ಲಿ ಹೊಸ ಸೇತುವೆ ತೆರೆಯಿತು. ಹಳೆಯ ಕಮಾನು ಸೇತುವೆಗಳಲ್ಲಿ ಕಂಬಗಳು ದಪ್ಪವಾಗಿಯೂ ಒತ್ತಾಗಿಯೂ ಇರುವುದುಂಟು. ನೀರಿನ ದಾರಿ ಕಿರಿದಾದಂತೆ ವೇಗ ಹೆಚ್ಚುತ್ತದೆ. ಕಂಬದ ಬುಡದ ಮಣ್ಣು ಕೊರೆದುಹೋಗುತ್ತದೆ. ನೆರೆ ಇಳಿಯುವಾಗ ಆ ಗುಂಡಿಯನ್ನು ಹೂಳು ಮತ್ತೆ ತುಂಬಿಬಿಡುವುದರಿಂದ, ಬೇಸಗೆಯಲ್ಲಿ ನೋಡಿದವರಿಗೆ ಅಪಾಯದ ಸುಳಿವೇ ಸಿಗದು. ಆದುದರಿಂದ ವಿನ್ಯಾಸಕಾರನು ಬತ್ತಿದ ಹಳ್ಳವನ್ನಲ್ಲ, ಅತಿ ದೊಡ್ಡ ಪ್ರವಾಹವನ್ನು ಲೆಕ್ಕಕ್ಕೆ ಹಿಡಿದು, ಕೊರೆತದ ಆಳಕ್ಕಿಂತ ಕೆಳಗೆ ಅಡಿಪಾಯವನ್ನು ಇಳಿಸುತ್ತಾನೆ.

ಹಳಿಯ ಕಥೆ ಬೇರೆ. ಅಲ್ಲಿ 25,000 ವೋಲ್ಟಿನ ತಂತಿಯ ಮೇಲೆಯೂ ಸಾಕಷ್ಟು ತೆರಪು ಬಿಡಬೇಕು. ಹಳಿಗಳ ನಡುವೆ ಕಂಬ ನಿಲ್ಲಿಸಲು ಎಡೆಯಿಲ್ಲವಾದರೆ ಗರ್ಡರು ಉದ್ದವಾಗುತ್ತದೆ. ಉದ್ದವಾದ ಗರ್ಡರು ದಪ್ಪವೂ ಆಗುತ್ತದೆ. ರಸ್ತೆ ಇನ್ನಷ್ಟು ಮೇಲೇರುತ್ತದೆ. ರೈಲು ಸಂಚಾರವನ್ನೂ ವಿದ್ಯುತ್ತನ್ನೂ ತಡೆದ ಕೆಲವೇ ಗಂಟೆಗಳಲ್ಲಿ ಅದನ್ನು ಎತ್ತಿ ಕೂರಿಸಬೇಕು.

ಮುಂಬೈಯ ಅಂಧೇರಿಯಲ್ಲಿ 2018ರ ಜುಲೈ 3ರಂದು ಗೋಖಲೆ ಸೇತುವೆಯ ಕಾಲುದಾರಿಯ ಭಾಗ ಹಳಿಗಳ ಮೇಲೆ ಬಿದ್ದಿತು. ಅದರ ಬದಲಿಗೆ ಕಟ್ಟಿದ ಸೇತುವೆಯ ಒಂದು ಪಾರ್ಶ್ವ 2024ರ ಫೆಬ್ರವರಿಯಲ್ಲಿ ತೆರೆದಾಗ, ಅದು ಪಕ್ಕದ ಬರ್ಫೀವಾಲಾ ಮೇಲ್ಸೇತುವೆಗಿಂತ ಒಂದು ಮೀಟರಿಗೂ ಮಿಕ್ಕಿ ಎತ್ತರದಲ್ಲಿತ್ತು. ರೈಲ್ವೆಯ ಹೊಸ ನಿಯಮದಂತೆ ಎತ್ತರ ಹೆಚ್ಚಿತ್ತು. ಕೂಡುವ ರಸ್ತೆ ಹಳೆಯ ಮಟ್ಟದಲ್ಲೇ ಉಳಿದಿತ್ತು. ಕೊನೆಗೆ ಮೇಲ್ಸೇತುವೆಯನ್ನೇ ಜಾಕುಗಳಿಂದ ಎತ್ತಿ ಜೋಡಿಸಬೇಕಾಯಿತು. ಸೇತುವೆಯ ನಡುಭಾಗಕ್ಕಿಂತ ಅದರ ತುದಿಗಳೇ ಹೆಚ್ಚು ಕಾಡುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

ಇದನ್ನು ಗಣಿತಕ್ಕೆ ಜೋಡಿಸಬಹುದು. ಏರುದಾರಿಯ ಇಳಿಜಾರು 30ಕ್ಕೆ 1 ಎಂದಿರಲಿ. ಸೇತುವೆಯ ರಸ್ತೆ ನೆಲದಿಂದ 8 ಮೀಟರು ಎತ್ತರದಲ್ಲಿದ್ದರೆ ಒಂದೊಂದು ಕಡೆ 240 ಮೀಟರು ಏರುದಾರಿ ಬೇಕು. ಇನ್ನೊಂದು ಮೀಟರು ಎತ್ತರಿಸಿದರೆ ಎರಡೂ ಕಡೆ ಸೇರಿ 60 ಮೀಟರು ಹೆಚ್ಚು. ಆ 60 ಮೀಟರಿನಲ್ಲಿ ಯಾರ ಅಂಗಡಿ, ಯಾರ ಹೊಲದ ದಾರಿ ಇರಬಹುದೆಂದು ತರಗತಿಯಲ್ಲಿ ಕೇಳಬೇಕು. ಉತ್ತರಗಳು ಲೆಕ್ಕಕ್ಕಿಂತ ಸ್ವಾರಸ್ಯವಾಗಿರುತ್ತವೆ.

ಚಟುವಟಿಕೆ: ನೀರಿಲ್ಲದ ದಿನಗಳಲ್ಲಿ ಹಿರಿಯರೊಡನೆ ಊರ ಹಳ್ಳದ ಸೇತುವೆಗೆ ಹೋಗಿ, ಕಂಬಗಳ ಮೇಲಿನ ನೆರೆಯ ಗುರುತನ್ನು ಹುಡುಕಿ, ಅಲ್ಲಿಂದ ಸೇತುವೆಯ ತಳದವರೆಗಿನ ಅಂತರವನ್ನು ಅಂದಾಜು ಮಾಡಿ ಬರೆದು ತರಲಿ. ರೈಲುಹಳಿಯ ಬಳಿಗೆ ಮಕ್ಕಳನ್ನು ಕಳುಹಿಸಬಾರದು.