ಲಾಟರಿ ಹೆಸರಲ್ಲಿ ದುಡ್ಡು ಕೇಳಿದರೆ ಏನು ಮಾಡಬೇಕು?

ಕರ್ನಾಟಕ ಸರ್ಕಾರದ ಲಾಟರಿ ಈಗ ಇಲ್ಲ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಏಪ್ರಿಲ್ 1ರಿಂದ, ರಾಜ್ಯದ ಸ್ವಂತ ಲಾಟರಿಯ ಜೊತೆಗೆ ಹೊರ ರಾಜ್ಯಗಳ ಟಿಕೆಟ್ ಮಾರಾಟವೂ ಇಲ್ಲಿ ಬಂದ್ ಆಯಿತು. ಅಷ್ಟು ವರ್ಷವಾದರೂ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೆ 'ನಿಮಗ ಲಾಟ್ರಿ ಹತ್ತೇತಿ' ಎನ್ನುವ ಕರೆ ಬರುವುದು ನಿಂತಿಲ್ಲ. ಕಬ್ಬಿನ ಬಿಲ್ಲಿನ ದುಡ್ಡು, ಸಂಘದಿಂದ ತಂದ ಸಾಲ ಈ ದಾರಿಯಲ್ಲಿ ಹೋಗುವುದು ಸಂಕಟದ ಮಾತು. ಅದಕ್ಕೇ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಈ ನಾಲ್ಕು ತಾಲ್ಲೂಕುಗಳಲ್ಲಿ ಕೂತು ಲಾಟರಿ ಹೆಸರಲ್ಲಿ ಯಾರೇ ದುಡ್ಡು ಕೇಳಲಿ, ಅದು ಮೋಸ ಇಲ್ಲವೇ ಅಪರಾಧ. ಮೂರನೆಯದು ಇಲ್ಲ.

ಮೊದಲು ಚೀಟಿ ನೋಡಿ

ಕೈಗೆ ಬಂದದ್ದು ಏನು ಎಂದು ಗುರುತಿಸುವುದು ಮೊದಲ ಕೆಲಸ. ಸರ್ಕಾರಿ ಲಾಟರಿ ಟಿಕೆಟ್ ಮೇಲೆ ಆ ರಾಜ್ಯದ ಲಾಂಛನ, ಬೆಲೆ, ಡ್ರಾ ದಿನಾಂಕ, ಸರಣಿ ಮತ್ತು ಸಂಖ್ಯೆ ಅಚ್ಚಾಗಿರುತ್ತವೆ. ಬೆರಳಗಲದ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಎರಡು ಅಂಕಿ, ಪಕ್ಕದಲ್ಲಿ ಹಚ್ಚಿದ ರೊಕ್ಕ, ಅಷ್ಟೇ ಇದ್ದರೆ ಅದು ಮಟಕಾ, ನಮ್ಮ ಬಾಯಲ್ಲಿ ಓಸಿ. 'ಅದೂ ಲಾಟರಿ ಇದ್ದಂಗ, ಬ್ಯಾರೆ ರಾಜ್ಯದಾಗ ಸರ್ಕಾರನ ನಡಸತೈತಿ' ಎಂದು ಬರೆದುಕೊಳ್ಳುವವರು ಹೇಳಿದರೆ ನಂಬಬೇಡಿ. ಕೇಂದ್ರದ 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಒಂಟಿ ಅಂಕಿಯ ಮೇಲೆ ಬಹುಮಾನ ಕೊಡುವಂತೆಯೇ ಇಲ್ಲ. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡ ಇಲ್ಲ. ದಿನವೂ ಓಪನ್, ಕ್ಲೋಸ್ ಎಂದು ಅಂಕಿ ಬಿಡುವ ಆಟ ಯಾವ ರಾಜ್ಯದಲ್ಲೂ ಸರ್ಕಾರದ್ದಲ್ಲ. ನಮ್ಮಲ್ಲಿ ಅದಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಂ ಅಡಿ ಕೇಸು ಬೀಳುತ್ತದೆ.

ಒಂದಕ್ಕೆ ಎಂಬತ್ತು ಕೊಡುತ್ತಾರಲ್ಲ ಎನ್ನುವವರಿಗಾಗಿ ಲೆಕ್ಕ ಬಿಡಿಸುತ್ತೇನೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ. ನೂರಕ್ಕೂ ಹತ್ತು ಹತ್ತು ರೂಪಾಯಿ ಹಚ್ಚಿದರೆ ಸಾವಿರ ಕೊಟ್ಟಂತಾಯಿತು. ಹತ್ತುವುದು ಒಂದೇ ಜೋಡಿ, ತಿರುಗಿ ಬರುವುದು ಎಂಟುನೂರು. ಅಂದರೆ ಗ್ಯಾರಂಟಿ ಗೆಲ್ಲುವಂತೆ ಆಡಿದರೂ ಇನ್ನೂರು ಹೋಯಿತು. ತೊಂಬತ್ತು ಕೊಡುವವನ ಹತ್ತಿರವೂ ನೂರು ಹೋಗುತ್ತದೆ. ಇನ್ನು ಹಳೆಯ ಅಂಕಿಗಳ ಚಾರ್ಟ್ ನೋಡಿ 'ಈ ನಂಬರ್ ಬಾಳ ದಿವಸದಿಂದ ಬಂದಿಲ್ಲ, ಇವತ್ತ ಬರಬೇಕು' ಎಂದು ಹೇಳುವುದು, ಕನಸಿನಲ್ಲಿ ಹಾವು ಕಂಡರೆ ಇಂಥ ಅಂಕಿ ಎನ್ನುವುದು, ಇವಕ್ಕೆ ಬುಡವಿಲ್ಲ. ನಿನ್ನೆ ಯಾವ ಅಂಕಿ ಬಂತು ಎಂಬುದಕ್ಕೂ ಇವತ್ತಿನದಕ್ಕೂ ಸಂಬಂಧವೇ ಇಲ್ಲ.

ಫೋನಿನಲ್ಲಿ ಬಂದ ಬಹುಮಾನ

ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ, ಅದರಲ್ಲಿ 25 ಲಕ್ಷದ ಚೆಕ್ಕು, 'ಕೌನ್ ಬನೇಗಾ ಕರೋಡ್‌ಪತಿ' ಹೆಸರು, ಹಿಂದಿಯಲ್ಲಿ ಒಂದು ಧ್ವನಿ ಸಂದೇಶ. ಇಲ್ಲವೇ ಅಂಚೆಯಲ್ಲಿ ಉಜ್ಜುವ ಕಾರ್ಡು, ಉಜ್ಜಿದರೆ ಕಾರು. ಮುಂದಿನ ಮಾತು ಮಾತ್ರ ಎಲ್ಲ ಕಡೆ ಒಂದೇ: 'ಮೊದಲು ಟ್ಯಾಕ್ಸ್ ಕಟ್ಟಿ.' ನಿಜವಾದ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮುಂಗಡ ಕೇಳಿದ ಕೂಡಲೇ ಕರೆ ಕತ್ತರಿಸಿ. ಟಿಕೆಟ್ಟೇ ಕೊಳ್ಳದವರಿಗೆ ಲಾಟರಿ ಹತ್ತುವುದು ಎಲ್ಲಿಂದ? ಕೇರಳ ಲಾಟರಿಯನ್ನು ಮೊಬೈಲ್‌ನಲ್ಲಿ ಮಾರುತ್ತೇವೆ ಎನ್ನುವ ಆ್ಯಪ್‌ಗಳೂ ಇದೇ ಜಾತಿಯವು. ಅಲ್ಲಿಯ ಲಾಟರಿ ಕಾಗದದ ಟಿಕೆಟ್ ಮಾತ್ರ, ಆನ್‌ಲೈನ್ ಮಾರಾಟ ಇಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಕೂರಬೇಡಿ. ಆಗಿಂದಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊತ್ತು ಕಳೆದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. ಬೇಗ ತಿಳಿಸಿದರೆ ಬ್ಯಾಂಕಿನಲ್ಲೇ ತಡೆಹಿಡಿಯಲು ಅವಕಾಶವಿರುತ್ತದೆ. ಹಣ ಹೋದ ಸಮಯ, ಯುಪಿಐ ವಹಿವಾಟಿನ ಸಂಖ್ಯೆ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಸಂದೇಶಗಳನ್ನು ಅಳಿಸಬೇಡಿ. ಆಮೇಲೆ ನಿಮ್ಮ ಊರಿನ ಠಾಣೆಗೆ ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಬೆಳಗಾವಿಯ ಸಿಇಎನ್ ಠಾಣೆಗೆ ಹೋಗಿ ದೂರು ಕೊಡಿ.

ಲಕ್ಕಿ ಸ್ಕೀಮ್

ತಿಂಗಳಿಗಿಷ್ಟು ಕಟ್ಟಿ, ಪ್ರತಿ ತಿಂಗಳು ಡ್ರಾ, ಬೈಕ್ ಹತ್ತಿದವರು ಮುಂದಿನ ಕಂತು ಕಟ್ಟಬೇಕಿಲ್ಲ. ಪರಿಚಯದವರೇ ಮನೆಗೆ ಬಂದು ಕಾರ್ಡು ಕೊಡುವುದರಿಂದ ಇದರ ಮೇಲೆ ಅನುಮಾನ ಬರುವುದು ಕಡಿಮೆ. ಆದರೆ ಬಹುಮಾನ ಚೀಟಿ ನಿಷೇಧ ಕಾಯ್ದೆ 1978ರಲ್ಲೇ ಬಂದಿದೆ, ಈ ಸ್ಕೀಮ್ ಅದರೊಳಗೇ ಬರುತ್ತದೆ. ನೋಂದಣಿಯಾದ ಚಿಟ್ ಫಂಡ್ ಬೇರೆ. ಅಲ್ಲಿ ಕಟ್ಟಿದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ತಿಂಗಳು ಹಣ ಬರುತ್ತದೆ. ಕಾರ್ಡು ತಂದವರನ್ನು ನೋಂದಣಿ ಪತ್ರ ಕೇಳಿ.

ಹೊರ ರಾಜ್ಯದ ನಿಜ ಟಿಕೆಟ್

ಕೇರಳ, ಮಹಾರಾಷ್ಟ್ರ, ಗೋವಾದಲ್ಲಿ ಸರ್ಕಾರಿ ಲಾಟರಿ ಇದೆ. ಕೇರಳದ್ದು 1967ರಲ್ಲಿ ಶುರುವಾದದ್ದು. ಅಲ್ಲಿಗೆ ಹೋದಾಗ ಅಲ್ಲಿಯ ಅಂಗಡಿಯಲ್ಲಿ ಕೊಂಡರೆ ತಪ್ಪಿಲ್ಲ. ಅದೇ ಟಿಕೆಟನ್ನು ಇಲ್ಲಿಗೆ ತಂದು ಮಾರುವುದು ಅಪರಾಧ. 1998ರ ಕಾಯ್ದೆಯ ಶಿಕ್ಷೆ ಮಾರುವವರಿಗಷ್ಟೇ ಅಲ್ಲ, ನಿಯಮ ಮೀರಿದ ಲಾಟರಿಯನ್ನು ಕೊಳ್ಳುವವರಿಗೂ ಇದೆ: ಎರಡು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ.

2024ರ ಅಕ್ಟೋಬರ್‌ನಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಕೇರಳದ ಓಣಂ ಬಂಪರ್‌ನ 25 ಕೋಟಿ ಹತ್ತಿದ್ದು ನಿಜ. ಆ ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಆ ಸುದ್ದಿಯ ಜೊತೆಗೇ ತಿಳಿಯಬೇಕಾದ್ದು, ತಲಾ 500 ರೂಪಾಯಿಯ ಸುಮಾರು 71 ಲಕ್ಷ ಟಿಕೆಟ್‌ ಆ ಸಲ ಖರ್ಚಾಗಿದ್ದವು. ಹತ್ತು ಟಿಕೆಟ್ ಕೊಳ್ಳಲು ಐದು ಸಾವಿರ ಸುರಿದರೂ ಏಳು ಲಕ್ಷಕ್ಕೆ ಒಂದು ಪಾಲು ಅವಕಾಶ. ಗೆದ್ದ 25 ಕೋಟಿಯೂ ಪೂರ್ತಿ ಕೈಗೆ ಬರುವುದಿಲ್ಲ. ಏಜೆಂಟರ ಶೇ 10, ತೆರಿಗೆ, ಸರ್‌ಚಾರ್ಜ್ ಎಲ್ಲ ಹೋಗಿ ಉಳಿಯುವುದು 13 ಕೋಟಿಯ ಆಸುಪಾಸು.

'ನಾವು ಒಕ್ಕಲಿಗರು, ನಮಗ ಟ್ಯಾಕ್ಸ್ ಇಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ವಿನಾಯಿತಿ ಹೊಲದ ಆದಾಯಕ್ಕೆ ಮಾತ್ರ. ಲಾಟರಿ ಬಹುಮಾನಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಂದು ಲಕ್ಷಕ್ಕೆ 31,200 ರೂಪಾಯಿ. ಬೇರೆ ಆದಾಯ ಒಂದು ಪೈಸೆ ಇಲ್ಲದಿದ್ದರೂ ಕಟ್ಟಲೇಬೇಕು. ಹತ್ತದೆ ಹೋದ ಟಿಕೆಟ್‌ಗಳ ಖರ್ಚನ್ನು ಕಳೆಯುವಂತಿಲ್ಲ.

ಕೇರಳಕ್ಕೆ ಹೋದಾಗ ಕೊಂಡ ಟಿಕೆಟ್ ಹತ್ತಿದರೆ ಮೊದಲು ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಿ. ಎರಡೂ ಮಗ್ಗುಲಿನ ಝೆರಾಕ್ಸ್ ತೆಗೆಸಿ. ಫಲಿತಾಂಶವನ್ನು ಕೇರಳ ಸರ್ಕಾರದ ಗೆಜೆಟ್‌ನೊಂದಿಗೆ ತಾಳೆ ನೋಡಿ, ಗುಂಪಿನಲ್ಲಿ ಬಂದ ಫೋಟೊ ನಂಬಬೇಡಿ. ಕೇರಳದಲ್ಲಿ ಬಹುಮಾನ ಕೇಳಲು ಇರುವುದು ಡ್ರಾ ಆದ 30 ದಿನ. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಕೊಂಡು, ಮೊತ್ತ ದೊಡ್ಡದಾಗಿದ್ದರೆ ಬ್ಯಾಂಕಿನ ಮೂಲಕವೇ ಹೋಗಿ. 'ನನ್ನ ಕೈಗೆ ಟಿಕೆಟ್ ಕೊಡಿ, ಬಿಡಿಸಿಕೊಂಡು ಬರತೀನಿ' ಎನ್ನುವವರು ಎಷ್ಟೇ ಹತ್ತಿರದವರಾಗಲಿ, ಕೊಡಬೇಡಿ.

ಬಿಡಲಾಗದಿದ್ದರೆ

ಮನೆಯಲ್ಲಿ ಯಾರಾದರೂ ಹೋದ ದುಡ್ಡು ತೆಗೆಯಲೆಂದು ಮತ್ತೆ ಮತ್ತೆ ನಂಬರ್ ಹಚ್ಚುತ್ತಿದ್ದರೆ, ತಾಳಿ, ಪಾಸ್‌ಬುಕ್, ಎಮ್ಮೆ ಒಂದೊಂದಾಗಿ ಕೈಬಿಡುತ್ತಿದ್ದರೆ, ಬೈದು ಪ್ರಯೋಜನವಿಲ್ಲ. ಅದು ಚಿಕಿತ್ಸೆ ಇರುವ ಚಟ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಎದುರು ಕೂತು ತೋರಿಸಬೇಕೆಂದರೆ ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಕಿತ್ತೂರು, ಸವದತ್ತಿಯಿಂದ ಬಸ್ಸಿನಲ್ಲಿ ಹೋಗಿ ಅದೇ ದಿನ ಊರಿಗೆ ಮರಳಬಹುದು. ಮೊದಲ ಸಲ ಹೋಗುವಾಗ ಮನೆಯವರೊಬ್ಬರು ಜೊತೆಗಿರಿ, ಎಷ್ಟು ಸಾಲವಾಗಿದೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.