ವಾಕ್ಯವೃಂದ ರಚನೆ: ಮೊದಲು ಮಾತು, ಆಮೇಲೆ ಬರಹ

ಕೇಳಿದ ಪ್ರಶ್ನೆಗೆ ಬಾಯಲ್ಲಿ ಸರಿಯಾಗಿ ಉತ್ತರ ಹೇಳಿ, ನೋಟ್‌ಬುಕ್ ತೆರೆದೊಡನೆ ಎರಡು ಸಾಲಿಗೇ ನಿಂತುಬಿಡುವ ಮಕ್ಕಳು ಬೋಧನಾಭ್ಯಾಸದಲ್ಲಿ ನಮಗೆ ಸಿಗುತ್ತಾರೆ. ಅಂಥವರಿಗೆ ‘ಸೋಮಾರಿ’ ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯವನ್ನೂ ಆ ಕಾಯ್ದೆ ಹೇಳುತ್ತದೆ. ಆದರೆ ಲಿಪಿಕಾರರಿಂದ ಬರೆಸಬೇಕಾದರೂ ಮಾತನ್ನು ಕ್ರಮವಾಗಿ ಜೋಡಿಸಲು ಮಗುವಿಗೆ ಬರಬೇಕು. ಅದನ್ನು ಕಲಿಸಬೇಕಾದವರು ನಾವು.

ವಾಕ್ಯವೃಂದ ಬರೆಯುವಾಗ ಮಗು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ವಿಚಾರವನ್ನು ಜೋಡಿಸುವುದು, ಅಕ್ಷರಕ್ಕಿಳಿಸುವುದು. ‘ಬಟ್ಟೆ’ಯ ಒತ್ತಕ್ಷರ ನೆನಪಿಸಿಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯವೇ ಮರೆತುಹೋಗಬಹುದು. ಆದ್ದರಿಂದ ಈ ಎರಡನ್ನೂ ಬೇರ್ಪಡಿಸಿ ಕಲಿಸುವುದು ಸೂಕ್ತ. 6ನೇ ತರಗತಿಗೆ ‘ಹೆಸರುಕಾಳು ಮೊಳಕೆ ಬರುವ ಬಗೆ’ ಎಂಬ ವಿಷಯವನ್ನು ಹೀಗೆ ಯೋಜಿಸಬಹುದು.

ಹೇಳುವುದು: ಒಣ ಕಾಳು, ನೆನೆದ ಕಾಳು, ಮೊಳೆತ ಕಾಳುಗಳನ್ನು ಮಗು ಮುಟ್ಟಿ ನೋಡಲಿ. “ಕಾಳು ನೆನೆ ಹಾಕ್ತಾರೆ, ಆಮೇಲೆ ಬಟ್ಟೇಲಿ ಕಟ್ತಾರೆ, ಆಮೇಲೆ ಬಾಲ ಬರುತ್ತೆ” ಎಂದರೆ, ಅದನ್ನು ತಿದ್ದದೆ ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಶಿಕ್ಷಕರೇ ಬರೆದುಕೊಳ್ಳಬೇಕು.

ಜೋಡಿಸುವುದು: ಚೀಟಿಗಳನ್ನು ಕಲಸಿ ಕೊಡಬೇಕು, ಓದಲು ಕಷ್ಟಪಡುವ ಮಗುವಿಗೆ ಓದಿ ಹೇಳಬೇಕು. ಜೊತೆಗೆ ‘ಹೆಸರುಬೇಳೆ ಪಾಯಸ ಸಿಹಿಯಾಗಿರುತ್ತದೆ’ ಎಂಬ ಚೀಟಿಯೊಂದನ್ನು ಸೇರಿಸಬೇಕು. ಅದು ಇಲ್ಲಿಗೆ ಸೇರದು ಎಂದು ಮಗು ತೆಗೆದಿಟ್ಟರೆ, ಒಂದು ವಾಕ್ಯವೃಂದಕ್ಕೆ ಒಂದೇ ವಿಷಯ ಎಂಬ ಪಾಠ ವ್ಯಾಖ್ಯೆಯಿಲ್ಲದೆ ಮುಟ್ಟಿದಂತೆ. ಬಳಿಕ ‘ಆಮೇಲೆ’ಗಳ ಜಾಗದಲ್ಲಿ ‘ಮೊದಲು’, ‘ಅನಂತರ’, ‘ಕೊನೆಗೆ’ ಎಂಬ ಮಿಂಚುಪಟ್ಟಿಗಳನ್ನು ಇಡಿಸಬಹುದು.

ಬರೆಯುವುದು: ಮೊದಲ ವಾಕ್ಯವನ್ನು ಶಿಕ್ಷಕರು ಕೊಡಲಿ, ಕಠಿಣ ಪದಗಳು ಕಪ್ಪುಹಲಗೆಯ ಮೇಲಿರಲಿ. ಕೊನೆಯ ವಾಕ್ಯ ಮಾತ್ರ ಮಗುವಿನ ಸ್ವಂತದ್ದಾಗಿರಲಿ. ಮುಂದಿನ ಪಾಠಗಳಲ್ಲಿ ಈ ಆಸರೆಗಳನ್ನು ಒಂದೊಂದಾಗಿ ತೆಗೆಯಬೇಕು.

ಮಗುವಿನ ಅಗತ್ಯಕ್ಕೆ ತಕ್ಕಂತೆ ಸಾಮಗ್ರಿಯೂ ಬದಲಾಗಬೇಕು. ಬೌದ್ಧಿಕ ನ್ಯೂನತೆಯಿರುವ ಮಗುವಿಗೆ ಮೂರು ಚಿತ್ರ, ಮೂರು ವಾಕ್ಯ ಸಾಕಾಗಬಹುದು. ಮಂದದೃಷ್ಟಿಯ ಮಗುವಿಗೆ ದಪ್ಪ ಕಪ್ಪು ಅಕ್ಷರದ ದೊಡ್ಡ ಚೀಟಿಗಳು ಬೇಕು. ಸಂಜ್ಞಾ ಭಾಷೆ ಬಳಸುವ ಮಗುವಿಗೆ ಕನ್ನಡದ ವಿಭಕ್ತಿ ಪ್ರತ್ಯಯಗಳು ಹೊಸವು. ‘ನೀರು’, ‘ನೀರಿನಲ್ಲಿ’ ಎಂಬ ವ್ಯತ್ಯಾಸವನ್ನು ವಸ್ತು ತೋರಿಸಿಯೇ ಕಲಿಸಬೇಕು.

ಮೌಲ್ಯಮಾಪನದಲ್ಲೂ ಈ ವಿಂಗಡಣೆ ಇರಬೇಕು. 5 ಅಂಕಗಳಲ್ಲಿ ವಿಷಯಕ್ಕೆ 2, ಕ್ರಮಕ್ಕೆ 2, ಕಾಗುಣಿತಕ್ಕೆ 1 ಎಂದು ಹಂಚಬಹುದು. ‘ಮೊದಲು ಕಾಳು ನೀರಲಿ ನೆನಸಬೆಕು. ಅನಂತರ ಬಟೆಯಲಿ ಕಟಬೆಕು. ಕೊನೆಗೆ ಮೊಳಕೆ ಬರುತದೆ’ ಎಂದು ಬರೆದ ಮಗುವಿಗೆ ಆಗ 4 ಅಂಕ ಸಿಗುತ್ತದೆ. ಕಾಗುಣಿತವನ್ನಷ್ಟೇ ನೋಡಿ ಪುಟದ ತುಂಬ ಕೆಂಪು ಗೆರೆ ಎಳೆದರೆ, ಮೊಳಕೆಯ ಬಗ್ಗೆ ಆ ಮಗುವಿಗೆ ಎಷ್ಟು ಗೊತ್ತಿತ್ತು ಎಂಬುದು ಶಿಕ್ಷಕರಿಗೂ ತಿಳಿಯುವುದಿಲ್ಲ. ತಿದ್ದುವಾಗ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು, ಇಲ್ಲಿ ಒತ್ತಕ್ಷರವನ್ನು, ಎತ್ತಿಕೊಂಡರೆ ಸಾಕು. ದೀರ್ಘಸ್ವರಗಳನ್ನು ಮುಂದಿನ ಪಾಠದಲ್ಲಿ ನೋಡಬಹುದು.